ಅಲೆಯೂ ಒಂದು ಕೆರೆ: ಎಫ್.ಎಂ. ರೇಡಿಯೊ, ದನಿ ಮತ್ತು ಜಾತಿ

ನಮ್ಮೂರ ಪಂಚಾಯ್ತಿ ಆಫೀಸಿನ ಮಾಳಿಗೆ ಮೇಲೆ ಒಂದು ತಗಡಿನ ಹಾರನ್ ಇತ್ತು. ಒಳಗೆ ಬೀಗ ಹಾಕಿದ ಕಪಾಟಿನಲ್ಲಿ ಸರ್ಕಾರ ಕೊಟ್ಟ ರೇಡಿಯೊ. ಸಂಜೆ ಚಪರಾಸಿ ಬಂದು ಕಪಾಟು ತೆಗೆದು ಅದರ ಕಿವಿ ತಿರುವಿದರೆ ಹಾರನ್ ಮಾತಾಡುತ್ತಿತ್ತು. ಹಾರನ್ನಿನ ಬಾಯಿ ಊರ ಕಡೆಗೆ, ಬೆನ್ನು ನಮ್ಮ ಕೇರಿ ಕಡೆಗೆ. ಗಾಳಿ ಊರ ಕಡೆಯಿಂದ ಬೀಸಿದ ದಿನ ಗುಲಬರ್ಗಾ ಕೇಂದ್ರದ ಮಾತು ನಮಗೂ ಪೂರ್ತಿ ಕೇಳುತ್ತಿತ್ತು. ಬೀಸದ ದಿನ ಅರ್ಧ ಮಾತು, ಅರ್ಧ ಗೊರಗೊರ. ಬೀದರ ಸೀಮೆಯ ನಮ್ಮಂಥ ಹುಡುಗರಿಗೆ ದೇಶದ ಸುದ್ದಿ ಗಾಳಿಯ ಮರ್ಜಿಯ ಮೇಲೆ ಬರುತ್ತಿತ್ತು.

ಒಂದು ಸಂಜೆ ನಮ್ಮ ಆಯಿ ಕೇಳಿದಳು: "ಈ ಮಾತಾಡಾಂವ ಯಾರ ಪೈಕಿ ಅದಾನ?" ಅಪ್ಪ ನಕ್ಕು ಅಂದ: "ಯವ್ವಾ, ರೇಡಿಯೊಕ್ಕ ಜಾತಿ ಎಲ್ಲಿಂದು?" ಆಯಿ ಬಿಡಲಿಲ್ಲ. "ಜಾತಿ ಇಲ್ಲಂದ್ರ ನಮ್ಮ ಮಾತ್ಯಾಕ ಬರವಲ್ದು ಅದ್ರಾಗ?"

ಓದು ಬರಹ ಬಾರದ ಮುದುಕಿಯ ಈ ಪ್ರಶ್ನೆಯನ್ನು ನಮ್ಮ ಮಾಧ್ಯಮ ಮೀಮಾಂಸೆ ಇನ್ನೂ ಸರಿಯಾಗಿ ಎದುರಿಸಿಲ್ಲ. ದಲಿತ ವಿಮರ್ಶೆ ಕಾವ್ಯ, ಕಾದಂಬರಿ, ಆತ್ಮಕಥನಗಳ ಒಳಗಿನ ಜಾತಿಯನ್ನು ಬಗೆದು ನೋಡಿದೆ. ಆದರೆ ಅಕ್ಷರ ಬಾರದ ನಮ್ಮ ಜನ ದಿನಾ ಕೇಳುವ ರೇಡಿಯೊವನ್ನು ಅದು ಪಠ್ಯವೆಂದು ಎಣಿಸಿದ್ದು ಕಡಿಮೆ. ಅದರಲ್ಲೂ ಎಫ್.ಎಂ. ಎಂದರೆ ಹಾಡು, ಹರಟೆ, ಜಾಹೀರಾತು ಅಂತ ನಾವೂ ಕೈಬಿಟ್ಟೆವು. ಹಾಗೆ ಕೈಬಿಟ್ಟದ್ದು ಏನನ್ನು ಎಂಬುದನ್ನು ಸ್ವಲ್ಪ ಚರಿತ್ರೆಯ ಹಿನ್ನೆಲೆಯಲ್ಲಿ ನೋಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಕನ್ನಡ ನಾಡಿನ ಮೊದಲ ರೇಡಿಯೊ ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿತು. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ಅವರ ಮೊದಲ ಯಂತ್ರದ ಶಕ್ತಿ 30 ವಾಟ್, ಅಂದರೆ ಒಂದು ಸಣ್ಣ ದೀಪದಷ್ಟು. ಅದು ಸರ್ಕಾರದ್ದಲ್ಲ, ಕಂಪನಿಯದ್ದಲ್ಲ. ಒಂದು ಊರು ತನಗೆ ತಾನೇ ಮಾತಾಡಿಕೊಂಡ ರೇಡಿಯೊ. ಇವತ್ತು ನಾವು 'ಸ್ಥಳೀಯ ರೇಡಿಯೊ', 'ಸಮುದಾಯ ರೇಡಿಯೊ' ಅಂತ ಹೊಸದಾಗಿ ಕಂಡುಹಿಡಿದವರಂತೆ ಮಾತಾಡುತ್ತೇವಲ್ಲ, ಅದರ ಬೀಜ ಅಲ್ಲೇ ಇತ್ತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, ಆಮೇಲೆ ಅದು ಅಖಿಲ ಭಾರತ ರೇಡಿಯೊದ ಪಾಲಾಯಿತು. ಗೋಪಾಲಸ್ವಾಮಿಯವರ ಕೇಂದ್ರಕ್ಕಿದ್ದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು.

ಹೆಸರನ್ನು ಒಂದು ಕ್ಷಣ ನೋಡಿ. ಆಕಾಶವಾಣಿ ಎಂದರೆ ಪುರಾಣಗಳ ಅಶರೀರವಾಣಿ, ಮೈ ಇಲ್ಲದ ದನಿ. ಅಸ್ಪೃಶ್ಯತೆ ಮೈಯ ಮೇಲೆ ಕಟ್ಟಿದ ವ್ಯವಸ್ಥೆ: ನೆರಳು, ಬೆವರು, ಮುಟ್ಟು, ಎಂಜಲು. ಮೈಯನ್ನೇ ಬಿಟ್ಟು ಬರುವ ದನಿಗೆ ಮಡಿ ಮೈಲಿಗೆ ಎಲ್ಲಿಯದು? ಗುಡಿಯ ಒಳಗೂ ಹೋಗಬಹುದು, ಅಡುಗೆಮನೆಯ ಒಳಗೂ ಹೋಗಬಹುದು. ಈ ಅರ್ಥದಲ್ಲಿ ರೇಡಿಯೊ ಅಸ್ಪೃಶ್ಯತೆಯ ಬೇರಿಗೇ ಕೊಡಲಿ ಹಾಕಬಲ್ಲ ಯಂತ್ರವಾಗಿತ್ತು. ಆದರೆ ನಮ್ಮ ಸಮಾಜ ಜಾಣ. ಮೈ ಕಾಣದಿದ್ದರೇನು, ಮಾತು ಕೇಳುತ್ತದಲ್ಲ. ಹಕಾರ ಎಲ್ಲಿ ಬಿತ್ತು, ಶಕಾರ ಸಕಾರವಾಯಿತೇ, ಮಹಾಪ್ರಾಣ ನಿಂತಿತೇ ಎಂದು ಕಿವಿಯೇ ಜಾತಿ ಕೇಳಿಕೊಂಡಿತು. ಮೈಯನ್ನು ಹೊರಗಿಟ್ಟಂತೆ ಉಚ್ಚಾರವನ್ನು ಹೊರಗಿಟ್ಟರು. ಹೊಸಿಲು ಮನೆ ಬಾಗಿಲಿಂದ ಮೈಕಿನ ಮುಂದಕ್ಕೆ ಬಂತು, ಅಷ್ಟೆ.

ಸ್ವಾತಂತ್ರ್ಯದ ನಂತರದ ಆಕಾಶವಾಣಿಯನ್ನು ರೂಪಿಸಿದವರಲ್ಲಿ ಬಿ.ವಿ. ಕೇಸ್ಕರ್ ಮುಖ್ಯರು. 1952ರಿಂದ ಹತ್ತು ವರ್ಷ ಅವರು ಪ್ರಸಾರ ಖಾತೆಯ ಮಂತ್ರಿ. ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತದೆಂದು ಅದನ್ನು ಹೊರಗಟ್ಟಿದರು. ಜನ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸರ್ಕಾರವೇ ಸೋಲೊಪ್ಪಬೇಕಾಯಿತು. ಈ ಕತೆ ಎಲ್ಲರೂ ಹೇಳುತ್ತಾರೆ. ಹೇಳದ ಕತೆ ಹಾರ್ಮೋನಿಯಂನದು. 1940ರಲ್ಲಿ, ಬ್ರಿಟಿಷರ ಕಾಲದಲ್ಲೇ, ಅಖಿಲ ಭಾರತ ರೇಡಿಯೊ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳು ಅದರ ಮನೆಗಳಲ್ಲಿ ಕೂರುವುದಿಲ್ಲ ಎನ್ನುವುದು ವಾದ. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷ! ನಮ್ಮ ಕಡೆಯ ಭಜನಿ ಮೇಳ, ದೊಡ್ಡಾಟ, ಸಣ್ಣಾಟ, ತತ್ವಪದದ ರಾತ್ರಿಗಳೆಲ್ಲ ನಡೆಯುವುದು 'ಪೇಟಿ'ಯ ಮೇಲೆ. ವೀಣೆ ಕೊಳ್ಳುವ, ಅದನ್ನು ಕಲಿಸುವ ಗುರುವಿನ ಹೊಸಿಲು ದಾಟುವ ಶಕ್ತಿ ಇಲ್ಲದ ಜನ ಜಾತ್ರೆಯಲ್ಲಿ ಕೊಂಡು ತಾವೇ ಬೆರಳಾಡಿಸಿ ಕಲಿತ ವಾದ್ಯ ಅದು. ಶ್ರುತಿಯ ವಾದ ಶಾಸ್ತ್ರದ ದೃಷ್ಟಿಯಿಂದ ನಿಜವೇ ಇರಬಹುದು. ಅದರ ಫಲ ಯಾರ ಮೇಲೆ ಬಿತ್ತು ಎನ್ನುವುದು ನನ್ನ ಪ್ರಶ್ನೆ.

ಕೇಸ್ಕರರ ಕಾಲದಲ್ಲೇ ಆಡಿಷನ್ ಪದ್ಧತಿಯೂ ಬಿಗಿಯಾಯಿತು. ಕಲಾವಿದರಿಗೆ ಶ್ರೇಣಿಗಳು ಬಂದವು. ಹಾಡುಗಳಿಗೂ ಬಂದವು: ಶಾಸ್ತ್ರೀಯ, ಲಘು, ಜಾನಪದ. ಮೇಲೆ, ನಡುವೆ, ಕೆಳಗೆ. ಬರೆದವರಿಗೆ ಹೆಸರಿದ್ದರೆ ಸಾಹಿತ್ಯ. ನಮ್ಮ ಅವ್ವಂದಿರು ಕಟ್ಟಿದ್ದಾದರೆ ಜಾನಪದ, ಅಂದರೆ ವಾರಸುದಾರರಿಲ್ಲದ ಸ್ವತ್ತು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಆಯಿಯ ಬೀಸುವ ಪದ, ಸೋಬಾನೆಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಒಂದು ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿಯ ಅಧಿಕಾರಿ ಒಳ್ಳೆಯವರೇ. ಚಹಾ ಕೊಡಿಸಿದರು. ಕೇಳಿ, "ಕಂಠ ಚೆನ್ನಾಗಿದೆ, ಆದ್ರೆ ಮಾತು ಸ್ವಲ್ಪ ಶುದ್ಧ ಆಗ್ಬೇಕು, ನಡುವೆ ಆಡಿನ ಸದ್ದು ಬೇರೆ ಇದೆ. ಆಡಿಷನ್‌ಗೆ ಕರ್ಕೊಂಡು ಬನ್ನಿ" ಅಂದರು. ಆಯಿ ಬರಲಿಲ್ಲ. "ನಾ ಯಾಕ ಹೋಗ್ಲಿ? ಅವ್ರೇ ಬರ್ಲಿ, ಬೀಸೂಮುಂದ ಕೇಳ್ಲಿ" ಅಂದಳು. ಆಗ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು.

ಬಾಬಾಸಾಹೇಬರು ರೇಡಿಯೊದಲ್ಲಿ ಮಾತಾಡಿದ್ದುಂಟು. 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ತಮ್ಮ ಜೀವನ ತತ್ವವನ್ನು ಕುರಿತು ಭಾಷಣ ಮಾಡಿದರು. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಮೂರು ಮಾತನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದ ತಂದದ್ದಲ್ಲ, ಗುರು ಬುದ್ಧನಿಂದ ಪಡೆದದ್ದು ಎಂದು ಸಾರಿದ್ದು ಅಲ್ಲಿ. ಅಂಥ ಮಾತು ದೇಶದ ಅಲೆಯ ಮೇಲೆ ಹೋಯಿತೆಂಬುದು ಸಣ್ಣದಲ್ಲ. ಆದರೆ ಅದು ಆಹ್ವಾನದ ಮೇರೆಗೆ ಸಿಕ್ಕ ಕೆಲವು ನಿಮಿಷ. ಕರೆದರೆ ಮಾತಾಡುವುದು ಬೇರೆ, ಮಾತಾಡುವ ಜಾಗ ನಮ್ಮದೇ ಆಗಿರುವುದು ಬೇರೆ. ಈ ವ್ಯತ್ಯಾಸ ಅವರಿಗೆ 1920ರಲ್ಲೇ ಗೊತ್ತಿತ್ತು. ಅದಕ್ಕೇ 'ಮೂಕನಾಯಕ' ಪತ್ರಿಕೆ ಕಟ್ಟಿದರು. ಅದರ ಪ್ರಕಟಣೆಯನ್ನು ದುಡ್ಡು ಕೊಟ್ಟರೂ 'ಕೇಸರಿ' ಪತ್ರಿಕೆ ಅಚ್ಚು ಹಾಕಲಿಲ್ಲ ಎಂಬುದನ್ನು ಮುಂದೆ ಅವರೇ ನೆನೆದಿದ್ದಾರೆ.

ಇನ್ನು ಕೃಷಿ ಕಾರ್ಯಕ್ರಮ. 1956ರಲ್ಲಿ ಪುಣೆಯ ಸುತ್ತಿನ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ರೇಡಿಯೊ ಗ್ರಾಮ ವೇದಿಕೆಗಳ ಪ್ರಯೋಗ ನಡೆಯಿತು: ಜನ ಒಟ್ಟಾಗಿ ಕೂತು ಕೇಳುವುದು, ಚರ್ಚಿಸುವುದು, ಪ್ರಶ್ನೆ ಬರೆದು ಕೇಂದ್ರಕ್ಕೆ ಕಳಿಸುವುದು. ಅರವತ್ತರ ದಶಕದಲ್ಲಿ ಹಸಿರು ಕ್ರಾಂತಿಯ ಬೆನ್ನಿಗೆ ಆಕಾಶವಾಣಿ ನಿಂತಿತು. ತಂಜಾವೂರು ಕಡೆ ಎಡಿಟಿ-27 ಎಂಬ ಹೊಸ ಭತ್ತದ ತಳಿ ಪ್ರಸಾರದಿಂದಲೇ ಎಷ್ಟು ಹಬ್ಬಿತೆಂದರೆ ಜನ ಅದಕ್ಕೆ 'ರೇಡಿಯೊ ಭತ್ತ' ಎಂದೇ ಹೆಸರಿಟ್ಟರು. ನಮ್ಮಲ್ಲೂ ಸಂಜೆಯಾದರೆ "ರೈತ ಬಾಂಧವರೇ" ಎಂಬ ಕೂಗು. ರೈತ ಬಾಂಧವ ಯಾರು? ಎಕರೆಗೆ ಎಷ್ಟು ಚೀಲ ಗೊಬ್ಬರ ಎಂದು ಕೇಳಬಲ್ಲವನು, ಎಕರೆ ಉಳ್ಳವನು. ಆ ಗೊಬ್ಬರ ಎರಚುವ ಕೂಲಿಯವಳನ್ನು ಸಂಬೋಧಿಸುವ ಪದ ರೇಡಿಯೊದ ನಿಘಂಟಿನಲ್ಲಿ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಎಫ್.ಎಂ. ಬಂದಾಗ ಒಂದು ಆಸೆ ಹುಟ್ಟಬೇಕಿತ್ತು. ಮಧ್ಯಮ ತರಂಗ ನೂರಾರು ಮೈಲಿ ಹೋಗುತ್ತದೆ, ಎಫ್.ಎಂ. ಕಣ್ಣಳತೆಯಷ್ಟೇ ಹೋಗುತ್ತದೆ. ಇದು ಅದರ ಮಿತಿ ಅನ್ನುತ್ತಾರೆ. ಇದೇ ಅದರ ಗುಣ. ದೂರ ಹೋಗದ್ದರಿಂದ ಒಂದೇ ಕಂಪನಾಂಕವನ್ನು ಊರೂರಿಗೆ ಮತ್ತೆ ಮತ್ತೆ ಕೊಡಬಹುದು. ಯಂತ್ರ ಅಗ್ಗ. ಅಂದರೆ ತಾಲ್ಲೂಕಿಗೊಂದು, ಹೋಬಳಿಗೊಂದು ರೇಡಿಯೊ ಸಾಧ್ಯ. ಆಕಾಶವಾಣಿ 1977ರಲ್ಲಿ ಮದರಾಸಿನಲ್ಲಿ ಎಫ್.ಎಂ. ಶುರುಮಾಡಿತು, 1984ರಲ್ಲಿ ನಾಗರಕೋಯಿಲಿನಲ್ಲಿ ಮೊದಲ ಸ್ಥಳೀಯ ಕೇಂದ್ರ. ತೊಂಬತ್ತರ ದಶಕದಲ್ಲಿ ಹಾಸನ, ಚಿತ್ರದುರ್ಗ, ಹೊಸಪೇಟೆ, ಮಡಿಕೇರಿಗಳಲ್ಲಿ ಅಂಥ ಕೇಂದ್ರಗಳು ಬಂದವು. ಜಿಲ್ಲೆಯ ಮಾತು ಅಲ್ಲಿ ಸ್ವಲ್ಪಮಟ್ಟಿಗೆ ಸಿಕ್ಕಿತು, ಇಲ್ಲವೆನ್ನಲಾರೆ. ಆದರೆ ಅದಾಗಲೇ ಗಾಳಿ ಬೇರೆ ಕಡೆ ತಿರುಗಿತ್ತು. 1993ರಲ್ಲಿ ದಿಲ್ಲಿ, ಮುಂಬಯಿಗಳಲ್ಲಿ ಎಫ್.ಎಂ. ವೇಳೆಯನ್ನು ಖಾಸಗಿ ಕಂಪನಿಗಳಿಗೆ ಬಾಡಿಗೆಗೆ ಕೊಡುವುದು ಶುರುವಾಯಿತು.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಕ್ರಿಕೆಟ್ ಪಂದ್ಯದ ಪ್ರಸಾರದ ಹಕ್ಕಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಪ್ರಸಾರ ಮಂತ್ರಾಲಯಕ್ಕೂ ನಡೆದ ವ್ಯಾಜ್ಯ ಅದು. ನ್ಯಾಯಮೂರ್ತಿ ಪಿ.ಬಿ. ಸಾವಂತ್ ಮತ್ತು ಜೊತೆಯವರು ತೀರ್ಪಿತ್ತರು: ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯ ಸಲ್ಲದು, ಅವುಗಳನ್ನು ಜನಹಿತಕ್ಕೆ ಬಳಸುವಂತೆ ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರವೊಂದು ಬೇಕು.

'ಸಾರ್ವಜನಿಕ ಸ್ವತ್ತು' ಎಂಬ ಮಾತು ಓದಿದಾಗ ಬೇರೆಯವರಿಗೆ ಏನು ನೆನಪಾಯಿತೋ ಕಾಣೆ, ನನಗೆ ಮಹಾಡ ನೆನಪಾಯಿತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. 1924ರಲ್ಲಿ ಮಹಾಡದ ಪುರಸಭೆಯೂ ಚವದಾರ ಕೆರೆಯನ್ನು ತೆರೆದಿದ್ದೇವೆ ಎಂದಿತು. ಕಾಗದದಲ್ಲಿ ಕೆರೆ ಎಲ್ಲರದು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ನೀರು ಎತ್ತಬೇಕಾಯಿತು. ಎತ್ತಿದ್ದಕ್ಕೆ ಏಟು ಬಿತ್ತು, ಕೆರೆಗೆ ಪಂಚಗವ್ಯ ಬಿತ್ತು. ಹೈಕೋರ್ಟಿನಲ್ಲಿ ಅಂತಿಮವಾಗಿ ಗೆದ್ದದ್ದು 1937ರಲ್ಲಿ. ಸಾರ್ವಜನಿಕ ಎಂಬ ಪದಕ್ಕೂ ಬೊಗಸೆಗೂ ನಡುವಿನ ದೂರ ನಮಗೆ ಚೆನ್ನಾಗಿ ಗೊತ್ತು. ಅಲೆಗಳ ವಿಷಯದಲ್ಲೂ ಆದದ್ದು ಇದೇ. ಕೆರೆ ಎಲ್ಲರದು ಎಂದು ಕೋರ್ಟು ಹೇಳಿತು; ಸರ್ಕಾರ ಅದರ ದಂಡೆಯನ್ನು ಹರಾಜು ಹಾಕಿತು.

1999-2000ರ ಮೊದಲ ಹರಾಜಿನಲ್ಲಿ 40 ನಗರಗಳ 108 ಕಂಪನಾಂಕಗಳನ್ನು ಮಾರಾಟಕ್ಕಿಟ್ಟರು. ಕೂಗಿದ ಮೊತ್ತ ಎಷ್ಟು ಹೆಚ್ಚಿತ್ತೆಂದರೆ ಕೂಗಿದ ಬಹುಪಾಲು ಕಂಪನಿಗಳೇ ಓಡಿಹೋದವು, ನಡೆದವು ಇಪ್ಪತ್ತೊಂದು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ. 2005ರಲ್ಲಿ ಎರಡನೇ ಹಂತ, 2011ರಲ್ಲಿ ಮೂರನೇ ಹಂತದ ನೀತಿ.

ಇಲ್ಲಿ 'ಫಾರ್ಮ್ಯಾಟ್' ಎಂಬ ಪದ ಬರುತ್ತದೆ. ಒಂದು ಕೇಂದ್ರ ದಿನವಿಡೀ ಯಾವ ಬಗೆಯ ಹಾಡು ಹಾಕಬೇಕು, ನಡುವೆ ಎಷ್ಟು ಸೆಕೆಂಡು ಮಾತು, ಯಾವ ದನಿ, ಯಾವ ಭಾಷೆ, ಗಂಟೆಗೆ ಎಷ್ಟು ಜಾಹೀರಾತು ಎಂಬ ಕಟ್ಟುಪಾಡಿಗೆ ಆ ಹೆಸರು. ಹೊಸ ಹಿಟ್ ಹಾಡುಗಳದ್ದು ಒಂದು ಫಾರ್ಮ್ಯಾಟ್, ಹಳೆಯ ಇಂಪಿನದ್ದು ಒಂದು, ಮಾತಿನದ್ದೇ ಒಂದು, ಇಂಗ್ಲಿಷ್ ಹಾಡಿನದ್ದು ಮತ್ತೊಂದು. ಕೇಳುವುದಕ್ಕೆ ವೈವಿಧ್ಯ. ಆದರೆ ಈ ವೈವಿಧ್ಯದ ಕೆಳಗೆ ಒಂದೇ ಏಣಿ ಇದೆ. ಜಾಹೀರಾತಿನವರು ಪಟ್ಟಣದ ಕುಟುಂಬಗಳನ್ನು ವಿದ್ಯೆ ಮತ್ತು ಉದ್ಯೋಗದ ಪ್ರಕಾರ ಎಂಟು ಮೆಟ್ಟಿಲು ಮಾಡಿದ್ದರು: ಎ-1, ಎ-2, ಬಿ-1, ಬಿ-2, ಸಿ, ಡಿ, ಇ-1, ಇ-2. ಮೇಲಿನ ಮೆಟ್ಟಿಲ ಕಿವಿಗೆ ಬೆಲೆ ಹೆಚ್ಚು, ಕೆಳಗಿನದಕ್ಕೆ ಕಡಿಮೆ. 2007ರಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ಮಹಾನಗರಗಳಲ್ಲಿ ಆಯ್ದ ಮನೆಯವರಿಗೆ ದಿನಚರಿ ಪುಸ್ತಕ ಕೊಟ್ಟು ಯಾರು ಏನು ಕೇಳಿದರೆಂದು ಬರೆಸಿಕೊಳ್ಳುವ ಅಳತೆಯೂ ಬಂತು. ವಿದ್ಯೆ ಮತ್ತು ಉದ್ಯೋಗ! ಈ ದೇಶದಲ್ಲಿ ಯಾರಿಗೆ ಯಾವ ವಿದ್ಯೆ, ಯಾರಿಗೆ ಯಾವ ಉದ್ಯೋಗ ಎಂಬುದನ್ನು ಸಾವಿರಾರು ವರ್ಷ ನಿರ್ಧರಿಸಿದ್ದು ಯಾವುದು? ಶ್ರೇಣೀಕೃತ ಅಸಮಾನತೆಯನ್ನು ಮಾರುಕಟ್ಟೆ ಹೊಸದಾಗಿ ಕಂಡುಹಿಡಿಯಬೇಕಿರಲಿಲ್ಲ. ಇದ್ದದ್ದಕ್ಕೆ ಇಂಗ್ಲಿಷಿನ ಅಕ್ಷರ ಅಂಟಿಸಿದರೆ ಸಾಕಿತ್ತು.

ಮಾರುಕಟ್ಟೆ ಯಾವತ್ತೂ ಕೆಳಗಿನವರ ದನಿ ಕೇಳುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಮೆಂಫಿಸ್ ನಗರದ ಉದಾಹರಣೆ ಇದೆ. ದಲಿತ ಪ್ಯಾಂಥರರ ಕಾಲದಿಂದ ಕಪ್ಪು ಜನರ ಸಾಹಿತ್ಯ ಓದಿಕೊಂಡು ಬಂದ ನಾವು ಅವರ ರೇಡಿಯೊ ಚರಿತ್ರೆಯನ್ನು ಓದಲಿಲ್ಲ. 1948ರಲ್ಲಿ ಅಲ್ಲಿ ಡಬ್ಲ್ಯೂಡಿಐಎ ಎಂಬ 250 ವಾಟಿನ ಮಧ್ಯಮ ತರಂಗದ ಕೇಂದ್ರ ಮುಳುಗುವ ಸ್ಥಿತಿಯಲ್ಲಿತ್ತು. ಅದರ ಬಿಳಿಯ ಮಾಲೀಕರು ಬೇರೆ ದಾರಿ ಕಾಣದೆ ನ್ಯಾಟ್ ಡಿ. ವಿಲಿಯಮ್ಸ್ ಎಂಬ ಕಪ್ಪು ಶಾಲಾ ಮೇಷ್ಟ್ರ ಕೈಗೆ ಮೈಕು ಕೊಟ್ಟರು. ಬೀದಿ ಬೀದಿಯಲ್ಲಿ ಜನ ಕಿವಿಗೊಟ್ಟರು. 1949ರ ಹೊತ್ತಿಗೆ ಇಡೀ ಕೇಂದ್ರದ ಕಾರ್ಯಕ್ರಮ ಕಪ್ಪು ಜನರದ್ದಾಯಿತು; 1954ರಲ್ಲಿ ಅದರ ಶಕ್ತಿ 50,000 ವಾಟ್. ಕಳೆದುಹೋದ ಮಕ್ಕಳ ಸುದ್ದಿ, ಕೆಲಸ ಖಾಲಿ ಇರುವ ಸುದ್ದಿ, ದೇವರ ಹಾಡು, ಬ್ಲೂಸ್ ಎಲ್ಲ ಅಲ್ಲಿ ಬಂದವು. ಆದರೂ ಬಾಗಿಲ ಕೀಲಿ ಬಿಳಿಯರ ಕೈಯಲ್ಲೇ ಇತ್ತು. ಅದೇ 1949ರಲ್ಲಿ ಅಟ್ಲಾಂಟಾದ ಜೆಸ್ಸಿ ಬ್ಲೇಟನ್ ಎಂಬ ಕಪ್ಪು ಲೆಕ್ಕಿಗ ಡಬ್ಲ್ಯೂಇಆರ್‌ಡಿ ಎಂಬ ಕೇಂದ್ರವನ್ನೇ ಕೊಂಡ. ಮೈಕು ಸಿಗುವುದಕ್ಕೂ ಕೀಲಿ ಸಿಗುವುದಕ್ಕೂ ಇರುವ ಅಂತರವನ್ನು ಅವರು ಒಂದೇ ವರ್ಷದಲ್ಲಿ ಕಂಡುಕೊಂಡರು.

ಬೆಂಗಳೂರಿನಲ್ಲಿ ನಮಗೆ ಮೈಕೂ ಸಿಗಲಿಲ್ಲ. ಶುರುವಿನ ವರ್ಷಗಳಲ್ಲಿ ಎಫ್.ಎಂ.ಗಳು ಹಿಂದಿ, ಇಂಗ್ಲಿಷ್ ಹಾಡುಗಳಲ್ಲಿ ಮುಳುಗಿದ್ದಾಗ ಕನ್ನಡಪರ ಸಂಘಟನೆಗಳು ಗಲಾಟೆ ಮಾಡಿದವು, ನ್ಯಾಯವಾಗಿಯೇ. ಆಮೇಲೆ ಕನ್ನಡ ಬಂತು, ಲಾಭವಿದೆ ಎಂದು ಗೊತ್ತಾದ ಮೇಲೆ ಧಾರಾಳವಾಗಿಯೇ ಬಂತು. ಆದರೆ ಯಾವ ಕನ್ನಡ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದ ಮಟ್ಟಿಗೆ ಬೀದರ, ರಾಯಚೂರು, ಚಾಮರಾಜನಗರದ ಮಾತು ಅಲ್ಲಿ ನಗೆಚಾಟಿಕೆಗೆ ಮಾತ್ರ ಬರುತ್ತದೆ. ಫೋನು ಮಾಡಿ ಮೂರ್ಖರನ್ನಾಗಿಸುವ ಆ ಕಾರ್ಯಕ್ರಮಗಳಲ್ಲಿ ಬೇಸ್ತುಬೀಳುವವರು ಯಾರೆಂದು ಗಮನಿಸಿ: ಆಟೊದವನು, ವಾಚ್‌ಮನ್, ಗಾರೆ ಕೆಲಸದವನು. ಇ-1, ಇ-2ರ ದನಿಯನ್ನು ಎ-1ಕ್ಕೆ ನಗಿಸಲು ಬಳಸುವುದು. ಸರ್ಕಾರದ ಕಡೆ ನೋಡಿದರೆ ಆಕಾಶವಾಣಿ 2004ರಲ್ಲಿ ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ 'ಅಮೃತವರ್ಷಿಣಿ' ಎಂಬ ಎಫ್.ಎಂ. ವಾಹಿನಿ ತೆರೆಯಿತು. ನನಗೆ ಆ ಸಂಗೀತದ ಮೇಲೆ ದ್ವೇಷವಿಲ್ಲ, ಮಲ್ಲಿಕಾರ್ಜುನ ಮನಸೂರರನ್ನು ರಾತ್ರಿಯೆಲ್ಲ ಕೇಳಿದವನು ನಾನು. ತಮಟೆಗೂ ಅಂಥದೊಂದು ವಾಹಿನಿ ಎಂದು ಕೇಳಿದರೆ ನೀವು ನಗುತ್ತೀರಲ್ಲ, ಆ ನಗುವನ್ನು ವಿಮರ್ಶೆ ವಿವರಿಸಬೇಕು.

ಎಲ್ಲಕ್ಕಿಂತ ದೊಡ್ಡ ಬೇಲಿ ಸುದ್ದಿಯದ್ದು. ಖಾಸಗಿ ಎಫ್.ಎಂ. ತನ್ನದೇ ಸುದ್ದಿ ಹೇಳುವಂತಿಲ್ಲ. ಮೂರನೇ ಹಂತದ ನೀತಿಯಲ್ಲಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ತಿದ್ದದೆ ಮರುಪ್ರಸಾರ ಮಾಡಲು ಬಿಟ್ಟರು. ಜೊತೆಗೆ ಕೆಲವು ಸಂಗತಿಗಳು ಸುದ್ದಿಯಲ್ಲ, ಮಾಹಿತಿ ಎಂದು ಪಟ್ಟಿ ಮಾಡಿದರು: ವಾಹನ ದಟ್ಟಣೆ, ಹವಾಮಾನ, ಪರೀಕ್ಷೆಯ ಫಲಿತಾಂಶ, ಹಬ್ಬ ಉತ್ಸವ, ನೀರು ವಿದ್ಯುತ್ತಿನ ಪ್ರಕಟಣೆ. ನಳದಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಬಹುದು. ನಳದ ಹತ್ತಿರ ಯಾರನ್ನು ಬಿಡಲಿಲ್ಲ ಎಂದು ಹೇಳಿದರೆ ಅದು ಸುದ್ದಿ.

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಎನ್ನುವುದು ಎಲ್ಲರಿಗೂ ಗೊತ್ತಿರುವ ಕತೆ. ಅಲ್ಲಿಂದ ಬೆಂಗಳೂರು ಬಸ್ಸಿನಲ್ಲಿ ಕೆಲವೇ ತಾಸು. ಆ ಘಟನೆಯಾಗಿ ಹದಿನಾರು ತಿಂಗಳಿಗೆ ದೇಶದ ಮೊದಲ ಖಾಸಗಿ ಎಫ್.ಎಂ. ಅಲ್ಲಿ ಮಾತಾಡಲು ಶುರುಮಾಡಿತು. ಚಿಂತಾಮಣಿಯಲ್ಲೇ ಒಂದು ಎಫ್.ಎಂ. ಇದ್ದಿದ್ದರೂ ಈ ನಿಯಮಗಳಡಿ ಅದು ಆ ಬೆಂಕಿಯನ್ನು ಹೆಸರಿಸುವಂತಿರಲಿಲ್ಲ. ಫಾರ್ಮ್ಯಾಟ್ ಎಂದರೆ ಬರೀ ಹಾಡಿನ ಆಯ್ಕೆ ಎಂದುಕೊಂಡವರು ಇದನ್ನು ಯೋಚಿಸಬೇಕು. ಏನನ್ನು ಹೇಳಬಾರದು ಎಂಬುದೂ ಫಾರ್ಮ್ಯಾಟೇ.

ದಂಡೆ ಹರಾಜಾದ ಮೇಲೂ ಒಬ್ಬ ಬೊಗಸೆ ಹಾಕಿದ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಅಂಗಡಿಯ ರಾಘವ್ ಮಹತೊ. ಸುಮಾರು ಐವತ್ತು ರೂಪಾಯಿಯ ಸಾಮಾನಿನಲ್ಲಿ ಟ್ರಾನ್ಸ್‌ಮಿಟರ್ ಮಾಡಿ, ಬಿದಿರ ಗಳಕ್ಕೆ ಕಟ್ಟಿ ಪಕ್ಕದ ಕಟ್ಟಡದ ಮೇಲೆ ನಿಲ್ಲಿಸಿ ಭೋಜಪುರಿ ಹಾಡು, ಕಾಣೆಯಾದವರ ಪ್ರಕಟಣೆ, ಪೋಲಿಯೊ ಹನಿಯ ಮಾಹಿತಿ ಎಲ್ಲ ಪ್ರಸಾರ ಮಾಡುತ್ತಿದ್ದ. ತನ್ನದು ಅಪರಾಧವೆಂದೇ ಅವನಿಗೆ ಗೊತ್ತಿರಲಿಲ್ಲ. 2006ರ ಶುರುವಿನಲ್ಲಿ ಬಿಬಿಸಿ ಅವನನ್ನು ಹೊಗಳಿ ವರದಿ ಮಾಡಿತು. ಮಾರ್ಚಿನಲ್ಲಿ ಸರ್ಕಾರ ಮುಚ್ಚಿಸಿತು. ಕಾರಣ, ಪರವಾನಗಿ ಇಲ್ಲ. ಕಾನೂನು, 1885ರ ಟೆಲಿಗ್ರಾಫ್ ಕಾಯ್ದೆ. ಸಾರ್ವಜನಿಕ ಸ್ವತ್ತನ್ನು ಸಾರ್ವಜನಿಕರೊಬ್ಬರು ಮುಟ್ಟಿದ್ದಕ್ಕೆ ವಸಾಹತುಶಾಹಿಯ ಕಾಯ್ದೆ.

ಅದೇ 2006ರ ನವೆಂಬರಿನಲ್ಲಿ ಸಮುದಾಯ ರೇಡಿಯೊ ನೀತಿ ಬಂತು. ಅದಕ್ಕೆ ಮುಂಚೆ, 2002ರಿಂದ, ಕಾಲೇಜು ವಿಶ್ವವಿದ್ಯಾಲಯಗಳಿಗೆ ಮಾತ್ರ ಅವಕಾಶವಿತ್ತು. ಈಗ ಸ್ವಯಂಸೇವಾ ಸಂಸ್ಥೆಗಳಿಗೂ ಬಂತು. ಸಾಮಾನ್ಯವಾಗಿ 100 ವಾಟಿನ ಮಿತಿ, ಗೋಪುರಕ್ಕೆ 30 ಮೀಟರು, ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು, ಸಂಸ್ಥೆ ನೋಂದಣಿಯಾಗಿ ಮೂರು ವರ್ಷವಾಗಿರಬೇಕು. ವ್ಯಕ್ತಿಗಳಿಗೆ ಇಲ್ಲ, ಪಕ್ಷಗಳಿಗೆ ಇಲ್ಲ. ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯ ಸ್ವರೂಪದ ಕಾರ್ಯಕ್ರಮ ಕೂಡದು. ಬೊಗಸೆಯ ಅಳತೆಯನ್ನೂ ಅವರೇ ಹೇಳಿದರು.

ಹಾಗಿದ್ದೂ ಆ ಬೊಗಸೆಯಲ್ಲಿ ಏನು ಹಿಡಿಯಬಹುದು ಎಂದು ತೋರಿಸಿದವರು ನಮ್ಮ ನೆರೆಯ ಜಹೀರಾಬಾದ್ ಸೀಮೆಯ ದಲಿತ ಹೆಂಗಸರು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವವರೆಗೆ ಜಹೀರಾಬಾದ್ ಬೀದರ ಜಿಲ್ಲೆಯದ್ದೇ ತಾಲ್ಲೂಕು. ಝರಾಸಂಗಮದ ಜಾತ್ರೆಗೆ ನಮ್ಮ ಕಡೆಯ ಜನ ಇವತ್ತಿಗೂ ಹೋಗುತ್ತಾರೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಎಂಬತ್ತರ ದಶಕದಿಂದ ಸುಮಾರು 75 ಹಳ್ಳಿಗಳಲ್ಲಿ ಬಡ ಹೆಂಗಸರ, ಬಹುಪಾಲು ದಲಿತರ, ಸಂಘಗಳನ್ನು ಕಟ್ಟಿತ್ತು. ಮಾಚನೂರಿನಲ್ಲಿ ತೊಂಬತ್ತರ ದಶಕದ ಕೊನೆಗೇ ಯುನೆಸ್ಕೊ ನೆರವಿನಿಂದ ಸ್ಟುಡಿಯೊ ಸಿದ್ಧವಾಯಿತು. ಪರವಾನಗಿ ಮಾತ್ರ ಇಲ್ಲ. ಹತ್ತು ವರ್ಷ ಆ ಹೆಂಗಸರು ಕಾರ್ಯಕ್ರಮ ಧ್ವನಿಮುದ್ರಿಸುವುದು, ಕ್ಯಾಸೆಟ್ಟನ್ನು ಹಳ್ಳಿಗೆ ಒಯ್ದು ಸಂಘದ ಸಭೆಯಲ್ಲಿ ಹಾಕಿ ಕೇಳಿಸುವುದು, ಹೀಗೇ ನಡೆಸಿದರು. ಅಲೆ ಇಲ್ಲದ ರೇಡಿಯೊ, ಕಾಲ ಮೇಲೆ ನಡೆದ ರೇಡಿಯೊ. 2008ರ ಅಕ್ಟೋಬರ್ 15ರಂದು 90.4ರಲ್ಲಿ 'ಸಂಘಂ ರೇಡಿಯೊ' ಹಾರಿತು. ಉದ್ಘಾಟಿಸಿದವರು 1995ರ ತೀರ್ಪು ಬರೆದ ಅದೇ ಪಿ.ಬಿ. ಸಾವಂತ್. ತೀರ್ಪಿನಿಂದ ಬೊಗಸೆಗೆ ಹದಿಮೂರು ವರ್ಷ.

ಅದನ್ನು ನಡೆಸಿದವರು ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಕೂಲಿ ಮನೆತನದ ದಲಿತ ಹೆಣ್ಣುಮಕ್ಕಳು. ಸಂಜೆ ಏಳರಿಂದ ಒಂಬತ್ತು, ಕೆಲಸ ಮುಗಿಸಿ ಒಲೆ ಹಚ್ಚುವ ಹೊತ್ತು. ಯಾವ ಫಾರ್ಮ್ಯಾಟ್? ಇದಕ್ಕೆ ಮಾರುಕಟ್ಟೆಯ ಪುಸ್ತಕದಲ್ಲಿ ಹೆಸರಿಲ್ಲ. ಬೀಜದ ಮಾತು, ದನದ ರೋಗ, ಬಾಣಂತಿಯ ಊಟ, ಹಬ್ಬದ ಹಾಡು, ಎಲ್ಲವೂ ಹಂಗಾಮಿನ ಲೆಕ್ಕದಲ್ಲಿ, ತಮ್ಮದೇ ತೆಲುಗಿನಲ್ಲಿ. ರೇಡಿಯೊ ಭತ್ತದ ಪಕ್ಕದಲ್ಲಿಟ್ಟು ಇದನ್ನು ನೋಡಿ. ಅಲ್ಲಿ ಮೇಲಿನಿಂದ ಒಂದೇ ತಳಿ ಇಳಿಯುತ್ತಿತ್ತು. ಇಲ್ಲಿ ಜೋಳ, ಸಜ್ಜೆ, ನವಣೆ, ತೊಗರಿಯ ಬೀಜ ಕಾಪಾಡಿದವಳು ಇನ್ನೊಬ್ಬಳಿಗೆ ಹೇಳುತ್ತಾಳೆ. ಬಡವರ ಕಾಳು, ಕೀಳು ಕಾಳು ಎನಿಸಿಕೊಂಡದ್ದನ್ನು ಉಳಿಸಿಕೊಂಡವರೇ ಅದರ ತಜ್ಞರಾದರು. "ರೈತ ಬಾಂಧವರೇ" ಎಂದು ಕರೆಸಿಕೊಳ್ಳದವರು ತಾವೇ ಕರೆದರು.

ಹಾಗಂತ ಆರತಿ ಎತ್ತುವುದು ಬೇಡ. ಪರವಾನಗಿ ಸಂಸ್ಥೆಯ ಹೆಸರಿನದು. ಸಂಸ್ಥೆಯ ರೂವಾರಿ ಪಿ.ವಿ. ಸತೀಶ್, ಮೈಸೂರು ಸೀಮೆಯಿಂದ ಹೋದವರು, 2023ರಲ್ಲಿ ತೀರಿಕೊಂಡರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ವಿದೇಶಿ ನೆರವು, ಸಂಸ್ಥೆಯ ನೋಂದಣಿ, ದಿಲ್ಲಿಯ ಅರ್ಜಿ, ಇವನ್ನೆಲ್ಲ ನಿಭಾಯಿಸುವ ಮಧ್ಯವರ್ತಿ ಇಲ್ಲದೆ ದಲಿತ ಹೆಂಗಸೊಬ್ಬಳು ಮೈಕಿಗೆ ತಲುಪುವ ದಾರಿಯನ್ನು ಆ ನೀತಿ ಇಟ್ಟಿಲ್ಲ. ಮೆಂಫಿಸ್ಸಿನ ಪ್ರಶ್ನೆ ಇಲ್ಲೂ ಬರುತ್ತದೆ: ಕೀಲಿ ಯಾರ ಸೊಂಟದಲ್ಲಿದೆ?

ಕರ್ನಾಟಕದಲ್ಲಿ ಇಂಥ ಪ್ರಯತ್ನ ನಡೆದಿಲ್ಲವೆಂದಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರಲ್ಲಿ, 'ನಮ್ಮ ಧ್ವನಿ' ಎಂಬ ಕೇಂದ್ರ ಅಲೆಗೆ ಅನುಮತಿ ಸಿಗದಿದ್ದ ಕಾಲದಲ್ಲೇ ಟಿ.ವಿ. ಕೇಬಲ್ಲಿನ ತಂತಿಯೊಳಗೆ ದನಿ ಹಾಯಿಸಿ ಮನೆ ಮನೆಗೆ ಮುಟ್ಟಿಸಿತ್ತು. ಬಾಗಿಲು ಮುಚ್ಚಿದರೆ ಗೋಡೆಯ ಸಂದಿಯಲ್ಲಿ ಮಾತಾಡಿದ ಹಾಗೆ. ತುಮಕೂರಿನಲ್ಲಿ ದಲಿತ ನಾಯಕ ಎಚ್.ಎಂ. ಗಂಗಾಧರಯ್ಯನವರು ಕಟ್ಟಿದ ವಿದ್ಯಾಸಂಸ್ಥೆಯಿಂದ 'ರೇಡಿಯೊ ಸಿದ್ಧಾರ್ಥ' ಬಂತು. ದೇಶದಲ್ಲಿ 2024ರ ಹೊತ್ತಿಗೆ ಸಮುದಾಯ ಕೇಂದ್ರಗಳು ಐನೂರರ ಆಸುಪಾಸು ಮುಟ್ಟಿದ್ದವು, ಅವುಗಳಲ್ಲಿ ದೊಡ್ಡ ಪಾಲು ಕಾಲೇಜುಗಳದ್ದು. ಕಾಲೇಜಿನ ಗೇಟಿನಾಚೆಯ ಕೇರಿ ಮೈಕಿನ ಮುಂದೆ ಕೂರುವುದು ಇನ್ನೊಂದು ಕೆಲಸ.

ನಮ್ಮ ಚಳವಳಿಯ ಮಾತೂ ಆಡಬೇಕು. ದಲಿತ ಸಂಘರ್ಷ ಸಮಿತಿಗೆ ಎಪ್ಪತ್ತರ ದಶಕದಲ್ಲಿ ಹಾಡಿತ್ತು, ತಮಟೆ ಇತ್ತು, ಗೋಡೆ ಬರಹ ಇತ್ತು, 'ಪಂಚಮ' ಪತ್ರಿಕೆ ಇತ್ತು. ಅಂದರೆ ದನಿಯ ರಾಜಕಾರಣ ನಮಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಭೂಮಿ ಕೇಳಿದೆವು, ಮೀಸಲಾತಿ ಕೇಳಿದೆವು, ಹಾಸ್ಟೆಲ್ ಕೇಳಿದೆವು, ಅಲೆ ಕೇಳಲಿಲ್ಲ. 2006ರಲ್ಲಿ ನೀತಿ ಬಂದಾಗ ನಮ್ಮ ಸಮಿತಿಗಳು ಎಷ್ಟು ಬಣವಾಗಿದ್ದವು ಎಂದರೆ ಮೂರು ವರ್ಷದ ನೋಂದಣಿ ಪತ್ರ ಯಾರ ಬಳಿ ಇದೆ ಎಂಬುದೇ ಒಂದು ಜಗಳವಾಗುತ್ತಿತ್ತು. ನಾನೂ ಒಂದು ಬಣದಲ್ಲಿದ್ದವನು, ಆ ವರ್ಷ ಒಂದು ಅರ್ಜಿ ಬರೆಯುವ ಕೆಲಸವನ್ನು ಯಾರೂ ನನಗೆ ಬೇಡ ಅಂದಿರಲಿಲ್ಲ.

ಮಾಚನೂರಿನ ಅಲೆ ನಮ್ಮೂರಿಗೆ ಮುಟ್ಟುವುದಿಲ್ಲ. ಝರಾಸಂಗಮದ ಹತ್ತಿರಕ್ಕೆ ಕೊಟ್ಟ ನಮ್ಮ ಅಕ್ಕನ ಮಗಳು ಒಮ್ಮೆ ಬಂದಿದ್ದಾಗ ಆಯಿಯ ಆ ಹಳೆಯ ಕ್ಯಾಸೆಟ್ಟನ್ನು ಹಾಕಿ ಕೇಳಿಸಿದೆ. ಹಾಡಿನ ನಡುವೆ ಆಯಿ ನಿಲ್ಲಿಸಿ, ಹಿಟ್ಟಿಗೆ ಬಾಯಿ ಹಾಕಿದ ಆಡಿಗೆ ಬೈದು, ಮತ್ತೆ ಹಾಡು ಹಿಡಿಯುತ್ತಾಳೆ. ಅದನ್ನು ಕತ್ತರಿಸಬೇಕೇ ಎಂದು ಕೇಳಿದೆ. "ಯಾಕ ಮಾವ?" ಅಂದಳು ಹುಡುಗಿ. "ಬೀಸೂಮುಂದ ಆಡು ಬರ್ತದಲ್ಲ."